ಮಾವಿನ ಮರದ ಬಂದಳಿಕೆ ಮತ್ತು ಮಾವನ ಕಂಪ್ಯೂಟರ್

ಕಂಪ್ಯೂಟರಿಗೆ ವೈರಸ್ ಬಂದಿದೆ ಎಂದು ನನ್ನ ಹತ್ತಿರ ಹೇಳಿಕೊಂಡವರಲ್ಲಿ ಹೆಚ್ಚಿನವರಿಗೆ ವೈರಸ್ ಬಂದಿರಲಿಲ್ಲ. ಬಂದಿದ್ದು ಬೇರೆ. ಬ್ರೌಸರ್ ತೆರೆದರೆ ಗೂಗಲ್ ಇಲ್ಲ, ಹೆಸರೇ ಕೇಳದ ಯಾವುದೋ ಹುಡುಕುವ ಪುಟ. ಮೇಲೆ ಒಂದು ಟೂಲ್‌ಬಾರ್, ಅದರಲ್ಲಿ ಹವಾಮಾನ, ಆಟ, ಕೂಪನ್. ಆಗಾಗ ಮೂಲೆಯಿಂದ ಒಂದು ಚೌಕ ಎದ್ದು ಬರುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ತೊಂದರೆಗಳಿವೆ, ಸರಿ ಮಾಡಲು ದುಡ್ಡು ಕಟ್ಟಿ ಅನ್ನುತ್ತದೆ.

ತಿಪಟೂರಿನ ನಮ್ಮ ಸೋದರಮಾವನ ಕಂಪ್ಯೂಟರಿಗೂ ಹೀಗೇ ಆಗಿತ್ತು. ಮಾವ ಮೊದಲು ಅದಕ್ಕೆ ನಿಂಬೆಹಣ್ಣು ನಿವಾಳಿಸಿದರು. ಆಮೇಲೆ ರಿಫ್ರೆಶ್ ಒತ್ತುತ್ತಾ ಕೂತರು. ಹತ್ತು ಸಲ ರಿಫ್ರೆಶ್ ಒತ್ತಿದರೆ ಕಂಪ್ಯೂಟರ್ ಚುರುಕಾಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಅದು ಪರದೆಯ ಮೇಲಿನ ಐಕಾನುಗಳನ್ನು ಇನ್ನೊಮ್ಮೆ ತೋರಿಸುತ್ತದೆ, ಅಷ್ಟೇ. ಕೊನೆಗೆ ರಿಪೇರಿ ಅಂಗಡಿಗೆ ಒಯ್ದರು. ‘ವೈರಸ್ ಸಾರ್, ಫಾರ್ಮ್ಯಾಟ್ ಮಾಡ್ಬೇಕು’ ಅಂದರಂತೆ. ಮಾಡಿಯೂ ಬಿಟ್ಟರು. ಮೊಮ್ಮಗಳ ನಾಮಕರಣದ ಫೋಟೋಗಳೆಲ್ಲ ಹೋದವು. ಮೂರು ವಾರ ಕಳೆಯುವುದರಲ್ಲಿ ಅದೇ ಟೂಲ್‌ಬಾರ್ ಮತ್ತೆ ಹಾಜರು. ಮಾವ ಮೊದಲಿನ ಜಾಗದಿಂದಲೇ ಮೊದಲಿನ ವಿಡಿಯೋ ಪ್ಲೇಯರನ್ನು ಮತ್ತೆ ಇಳಿಸಿಕೊಂಡಿದ್ದರು.

ಆ ಫೋಟೋಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ರೋಗದ ಹೆಸರು ತಪ್ಪಿತು, ಮದ್ದೂ ತಪ್ಪಿತು. ಅದಕ್ಕೇ ಹೆಸರಿನಿಂದಲೇ ಶುರು ಮಾಡುತ್ತೇನೆ.

ವೈರಸ್ ಎಂದರೆ ತನ್ನ ನಕಲನ್ನು ತಾನೇ ಮಾಡಿಕೊಂಡು ಹರಡುವ ಪ್ರೋಗ್ರಾಂ. 1986ರಲ್ಲಿ ಲಾಹೋರಿನ ಅಣ್ಣತಮ್ಮ ಇಬ್ಬರು ಬರೆದ ‘ಬ್ರೈನ್’ ಅಂಥದ್ದು. ಫ್ಲಾಪಿಯ ಮೊದಲ ಭಾಗದಲ್ಲಿ ಕೂತು, ಆ ಫ್ಲಾಪಿ ಹಾಕಿ ಕಂಪ್ಯೂಟರ್ ಶುರು ಮಾಡಿದರೆ ಮುಂದಿನ ಫ್ಲಾಪಿಗಳಿಗೂ ಹತ್ತುತ್ತಿತ್ತು. ಯಾರ ಒಪ್ಪಿಗೆಯನ್ನೂ ಕೇಳುತ್ತಿರಲಿಲ್ಲ. ಅದರ ಒಳಗೆ ಅವರಿಬ್ಬರ ಹೆಸರು, ವಿಳಾಸ, ಫೋನ್ ನಂಬರ್ ಕೂಡ ಇತ್ತು!

ಮಾವನ ಟೂಲ್‌ಬಾರ್ ನಕಲು ಮಾಡಿಕೊಳ್ಳುವುದಿಲ್ಲ. ಕದ ಒಡೆಯುವುದೂ ಇಲ್ಲ. ಒಪ್ಪಿಗೆ ಕೇಳಿಯೇ ಒಳಗೆ ಬರುತ್ತದೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸೋಜಿಗ ಅನಿಸುವುದು ಇದೇ. ಬಾಗಿಲು ತೆಗೆದವರು ಮಾವನೇ.

ಇಂಥವುಗಳನ್ನು ಏನೆಂದು ಕರೆಯಬೇಕು ಎಂಬುದಕ್ಕೇ ದೊಡ್ಡ ಜಗಳ ನಡೆದಿದೆ. 2000ದ ಆಸುಪಾಸಿನಲ್ಲಿ ಅಮೆರಿಕದಲ್ಲಿ ಗೇಟರ್ ಎಂಬ ಪ್ರೋಗ್ರಾಂ ಇತ್ತು. ಪಾಸ್‌ವರ್ಡ್ ನೆನಪಿಟ್ಟುಕೊಳ್ಳುತ್ತೇನೆ ಎಂದು ಬಂದು, ನೀವು ಯಾವ ಪುಟ ನೋಡುತ್ತೀರಿ ಎಂದು ಗಮನಿಸಿ ಜಾಹೀರಾತು ತೋರಿಸುತ್ತಿತ್ತು. ಪಿಸಿ ಪಿಟ್‌ಸ್ಟಾಪ್ ಎಂಬ ಸಂಸ್ಥೆ ಅದನ್ನು ಸ್ಪೈವೇರ್, ಅಂದರೆ ಬೇಹುಗಾರ ತಂತ್ರಾಂಶ, ಎಂದು ಕರೆಯಿತು. 2003ರಲ್ಲಿ ಗೇಟರ್ ಕಂಪನಿ ಮಾನನಷ್ಟ ಮೊಕದ್ದಮೆ ಹೂಡಿತು. ಕೊನೆಗೆ ರಾಜಿಯಾಗಿ, ಆ ಬರಹದ ಪುಟಗಳು ಕೆಳಗಿಳಿದವು. ಇಂಥ ಕಾಟ ಬೇಡವೆಂದು ಆಂಟಿವೈರಸ್ ಕಂಪನಿಗಳು ಒಂದು ಮೆದು ಹೆಸರು ಹಿಡಿದುಕೊಂಡವು: ‘ಪೊಟೆನ್ಷಿಯಲಿ ಅನ್‌ವಾಂಟೆಡ್ ಪ್ರೋಗ್ರಾಂ’. ಬೇಡವಾಗಿರಬಹುದಾದ ತಂತ್ರಾಂಶ. ಚಿಕ್ಕದಾಗಿ ‘ಪಪ್’. ಕೆಟ್ಟದ್ದು ಅಂತಲೂ ಇಲ್ಲ, ಒಳ್ಳೆಯದು ಅಂತಲೂ ಇಲ್ಲ. ಬೇಕೋ ಬೇಡವೋ ನೀವೇ ಹೇಳಿ, ಅಷ್ಟೇ. ‘ಆಂಟಿವೈರಸ್ ಇದ್ದರೂ ಹೇಗೆ ಬಂತು?’ ಎಂದು ಕೇಳುವವರಿಗೆ ಉತ್ತರ ಬಹುಪಾಲು ಇಲ್ಲೇ ಇದೆ. ನೀವೇ ಕರೆದ ನೆಂಟರನ್ನು ಕಾವಲುಗಾರ ಹೇಗೆ ತಡೆಯುತ್ತಾನೆ?

ಕರೆದದ್ದು ಹೇಗೆ? ಟಿಕ್ ಮಾರ್ಕಿನ ಮೂಲಕ. ನಿಮಗೆ ಬೇಕಾದ ವಿಡಿಯೋ ಪ್ಲೇಯರನ್ನು ಯಾರೋ ಮೂರನೆಯವರು ತಮ್ಮ ಇನ್‌ಸ್ಟಾಲರಿನೊಳಗೆ, ಅಂದರೆ ಪ್ರೋಗ್ರಾಂ ಕೂರಿಸುವ ಪ್ರೋಗ್ರಾಮಿನೊಳಗೆ, ಸುತ್ತಿಟ್ಟಿರುತ್ತಾರೆ. ನೀವು ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತಾ ಹೋಗುತ್ತೀರಿ. ಮೂರನೆಯದೋ ನಾಲ್ಕನೆಯದೋ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಈ ಟೂಲ್‌ಬಾರನ್ನೂ ಹಾಕು, ಇದನ್ನೇ ನನ್ನ ಹುಡುಕು ಪುಟ ಮಾಡು’ ಎಂದಿರುತ್ತದೆ. ಟಿಕ್ ಮೊದಲೇ ಹಾಕಿರುತ್ತದೆ. ನೀವು ಸುಮ್ನೆ ಇದ್ದರೆ ಅದೇ ಒಪ್ಪಿಗೆ. ಕೆಲವದರಲ್ಲಿ ಆ ಟಿಕ್ ಕಾಣುವುದೂ ಇಲ್ಲ. ‘ಶಿಫಾರಸು ಮಾಡಿದ್ದು’ ಬಿಟ್ಟು ‘ಕಸ್ಟಮ್’ ಆರಿಸಿದರೆ ಮಾತ್ರ ಕಾಣುತ್ತದೆ. ಕಸ್ಟಮ್ ಎಂದರೆ ಇಂಜಿನಿಯರುಗಳಿಗೆ ಅಂದುಕೊಂಡು ನಮ್ಮ ಜನ ಆ ಕಡೆ ಹೋಗುವುದೇ ಇಲ್ಲ. ವಿಂಡೋಸ್ ಪರದೆ ಮಬ್ಬು ಮಾಡಿ ‘ಈ ಪ್ರೋಗ್ರಾಂ ಬದಲಾವಣೆ ಮಾಡಬಹುದೇ?’ ಎಂದು ಒಮ್ಮೆ ಕೇಳುತ್ತದಲ್ಲ, ನೀವು ಯೆಸ್ ಅನ್ನುತ್ತೀರಿ. ಪ್ಲೇಯರಿಗೆಂದು ಹೇಳಿದ ಆ ಒಂದೇ ಯೆಸ್ ಜೊತೆಗೆ ಬಂದವರಿಗೆಲ್ಲ ಸಾಕಾಗುತ್ತದೆ.

ಓದದೆ ಒಪ್ಪುವುದು ನಮ್ಮವರ ಸೋಮಾರಿತನ ಎಂದು ಬೈಯಬೇಡಿ. ಅದೇ ಪಿಸಿ ಪಿಟ್‌ಸ್ಟಾಪ್‌ನವರು ತಮ್ಮ ಒಪ್ಪಂದದ ಪಠ್ಯದ ನಡುವೆ ಒಂದು ಸಾಲು ಸೇರಿಸಿದ್ದರು. ಈ ವಿಳಾಸಕ್ಕೆ ಬರೆದರೆ ಬಹುಮಾನ ಕೊಡುತ್ತೇವೆ ಎಂದು. ನಾಲ್ಕು ತಿಂಗಳು, 3,000ಕ್ಕೂ ಜಾಸ್ತಿ ಡೌನ್‌ಲೋಡ್ ಆದ ಮೇಲೆ ಒಬ್ಬರು ಬರೆದರು. ಅವರಿಗೆ 1,000 ಡಾಲರ್ ಸಿಕ್ಕಿತು. ಓದುವವರೇ ಇಲ್ಲದ ಕಾಗದಕ್ಕೆ ಹಾಕಿಸಿಕೊಂಡ ಸಹಿಯನ್ನು ಒಪ್ಪಿಗೆ ಅನ್ನುವುದು ಅನ್ಯಾಯ ಅಲ್ವಾ?

ಇಷ್ಟೆಲ್ಲ ಯಾಕೆ ಮಾಡುತ್ತಾರೆ? ತಲೆಗಿಷ್ಟು ಎಂದು ಕಮಿಷನ್ ಸಿಗುತ್ತದೆ. ಗೂಗಲ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಈ ವ್ಯಾಪಾರವನ್ನು ಬಿಡಿಸಿ ತೋರಿಸಿದರು. ಒಂದು ಕಂಪ್ಯೂಟರಿನಲ್ಲಿ ಒಂದು ಸಲ ಕೂರಿಸಿದರೆ 10 ಸೆಂಟಿನಿಂದ ಒಂದೂವರೆ ಡಾಲರ್ ತನಕ. ಇನ್‌ಸ್ಟಾಲರ್ ಮೊದಲು ನಿಮ್ಮ ಕಂಪ್ಯೂಟರಿನಲ್ಲಿ ಯಾವ ಆಂಟಿವೈರಸ್ ಇದೆ ಎಂದು ಇಣುಕಿ ನೋಡುತ್ತದೆ, ಆಮೇಲೆ ಯಾವ ಸರಕು ಕೊಡಬೇಕೆಂದು ತೀರ್ಮಾನಿಸುತ್ತದೆ. ಆಗ ಗೂಗಲ್ ಇಂಥ ತಂತ್ರಾಂಶದ ಬಗ್ಗೆ ವಾರಕ್ಕೆ 6 ಕೋಟಿಗೂ ಹೆಚ್ಚು ಎಚ್ಚರಿಕೆ ಕೊಡುತ್ತಿತ್ತು. ನಿಜವಾದ ಮಾಲ್‌ವೇರ್‌ಗೆ, ಅಂದರೆ ವೈರಸ್ಸಿನಂಥ ಕೇಡಿನ ತಂತ್ರಾಂಶಕ್ಕೆ, ಕೊಡುವುದಕ್ಕಿಂತ ಮೂರು ಪಟ್ಟು.

ದೊಡ್ಡ ಕಂಪನಿಗಳೂ ಇದರಲ್ಲಿ ಕೈ ಹಾಕಿದ್ದವು. ಒರಾಕಲ್ ಕಂಪನಿಯ ಜಾವಾ ಎಂಬ ತಂತ್ರಾಂಶ ಹಾಕಿಕೊಳ್ಳುವಾಗ ಆಸ್ಕ್ ಎಂಬ ಹುಡುಕು ಪುಟದ ಟೂಲ್‌ಬಾರ್ ವರ್ಷಗಟ್ಟಲೆ ಜೊತೆಗೆ ಬರುತ್ತಿತ್ತು, ಟಿಕ್ ಹಾಕಿಕೊಂಡೇ. 2013ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಜಾವಾ ಮುಗಿದ ಕೂಡಲೇ ಅದು ಕೂರುತ್ತಿರಲಿಲ್ಲ. ಹತ್ತು ನಿಮಿಷ ಕಾಯುತ್ತಿತ್ತು. ಟಿಕ್ ಬಿಟ್ಟುಹೋಯಿತಲ್ಲ ಎಂದು ನೆನಪಾಗಿ ಕಂಟ್ರೋಲ್ ಪ್ಯಾನೆಲ್ ತೆರೆದವರಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಸದ್ಯ, ಬಂದಿಲ್ಲ ಎಂದು ಮುಚ್ಚಿಬಿಡುತ್ತಿದ್ದರು. ಆಮೇಲೆ ಬರುತ್ತಿತ್ತು.

ಇನ್ನು ಟಿಕ್ ಕೂಡ ಬೇಕಿಲ್ಲದೆ ಬಂದದ್ದು ಸೂಪರ್‌ಫಿಶ್. 2014ರ ಕೊನೆಯ ತಿಂಗಳುಗಳಲ್ಲಿ ಮಾರಾಟವಾದ ಕೆಲವು ಲೆನೊವೊ ಲ್ಯಾಪ್‌ಟಾಪುಗಳಲ್ಲಿ ಕಾರ್ಖಾನೆಯಿಂದಲೇ ಕೂತು ಬಂದಿತ್ತು. ನೀವು ನೋಡುವ ಚಿತ್ರಕ್ಕೆ ಹೋಲುವ ಸಾಮಾನಿನ ಜಾಹೀರಾತು ತೋರಿಸುವುದು ಅದರ ಕೆಲಸ. ಆದರೆ ಬೀಗದ ಗುರುತಿರುವ ಸುರಕ್ಷಿತ ಪುಟಗಳೊಳಗೆ ಜಾಹೀರಾತು ತುರುಕುವುದು ಹೇಗೆ? ಅದಕ್ಕಾಗಿ ಅದು ಕಂಪ್ಯೂಟರಿನಲ್ಲಿ ತನ್ನದೇ ಒಂದು ರೂಟ್ ಸರ್ಟಿಫಿಕೇಟ್, ಅಂದರೆ ಪುಟ ಅಸಲಿ ಎಂದು ಬ್ರೌಸರಿಗೆ ಖಾತ್ರಿ ಕೊಡುವ ಮೂಲ ಪ್ರಮಾಣಪತ್ರ, ಇಟ್ಟಿತು. ಊರಿನ ಅಂಚೆಯಣ್ಣ ಎಲ್ಲ ಕಾಗದಗಳನ್ನೂ ಒಡೆದು, ಒಳಗೆ ಒಂದು ಅಂಗಡಿಯ ಚೀಟಿ ಸೇರಿಸಿ, ತನ್ನದೇ ಮೊಹರು ಒತ್ತಿ ಕೊಟ್ಟ ಹಾಗೆ. ‘ಈ ಮೊಹರನ್ನು ನಂಬಿ’ ಎಂದು ನಿಮ್ಮ ಮನೆಯವರಿಗೆ ಅವನೇ ಮೊದಲೇ ಹೇಳಿಟ್ಟಿರುತ್ತಾನೆ. ಬ್ಯಾಂಕಿನ ಕಾಗದವೂ ಹಾಗೇ ಬರುತ್ತದೆ. ಇನ್ನೂ ಭಯದ ಮಾತೆಂದರೆ, ಆ ಎಲ್ಲ ಲ್ಯಾಪ್‌ಟಾಪುಗಳಲ್ಲೂ ಮೊಹರಿನ ಅಚ್ಚು ಒಂದೇ. 2015ರ ಫೆಬ್ರವರಿಯಲ್ಲಿ ರಾಬರ್ಟ್ ಗ್ರಹಾಂ ಎಂಬ ಭದ್ರತಾ ತಜ್ಞರು ಕೆಲವೇ ಗಂಟೆಗಳಲ್ಲಿ ಅದರ ಪಾಸ್‌ವರ್ಡ್ ಕಂಡುಹಿಡಿದರು: ‘ಕೊಮೋಡಿಯಾ’. ಆ ಕೋಡ್ ಬರೆದುಕೊಟ್ಟ ಕಂಪನಿಯ ಹೆಸರೇ ಅದು. ಅಚ್ಚು ಸಿಕ್ಕವರು ಯಾವ ಬ್ಯಾಂಕಿನ ಹೆಸರಿನಲ್ಲಿ ಬೇಕಾದರೂ ಮೊಹರು ಒತ್ತಬಹುದು. ಸೂಪರ್‌ಫಿಶನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಆ ಸರ್ಟಿಫಿಕೇಟ್ ಹಾಗೇ ಉಳಿಯುತ್ತಿತ್ತು. ಅದನ್ನು ಬೇರೆಯಾಗಿ ಹುಡುಕಿ ತೆಗೆಯಬೇಕಿತ್ತು.

ಈ ಉಳಿಯುವ ಗುಣ ಇದೆಯಲ್ಲ, ಅದು ಗೊತ್ತಾದರೆ ಅರ್ಧ ಹೆದರಿಕೆ ಹೋಗುತ್ತದೆ. ಗಣೇಶನ ಹಬ್ಬಕ್ಕೆ ತಿಪಟೂರಿಗೆ ಹೋದಾಗ ಮಾವನಿಗೆ ಅದನ್ನು ಅವರ ಹಿತ್ತಲಿನ ಮಾವಿನ ಮರ ತೋರಿಸಿಯೇ ಹೇಳಿದೆ. ಆ ಮರದಲ್ಲಿ ಬಂದಳಿಕೆ ಇತ್ತು. ಪುಟ್ಟ ಹಕ್ಕಿ ಬಂದಳಿಕೆಯ ಹಣ್ಣು ತಿಂದು ಅಂಟಿನ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಹಕ್ಕಿಗೆ ಹಣ್ಣಿನ ಕೂಲಿ, ಇನ್‌ಸ್ಟಾಲರಿಗೆ ಡಾಲರಿನ ಕೂಲಿ. ಬೀಜ ಮೊಳೆತು ಕೊಂಬೆಯೊಳಗೆ ಬೇರು ಇಳಿಸುತ್ತದೆ. ಮರವನ್ನು ತಕ್ಷಣ ಕೊಲ್ಲುವುದಿಲ್ಲ. ನೀರು ಮಾತ್ರ ಹೀರುತ್ತಾ ಹಸಿರಾಗಿ ನಿಲ್ಲುತ್ತದೆ. ದೂರದಿಂದ ನೋಡಿದರೆ ಮರವೇ ಚಿಗುರಿದ ಹಾಗೆ ಕಾಣುತ್ತದೆ. ಎಲೆ ತರಿದರೆ ಮತ್ತೆ ಚಿಗುರುತ್ತದೆ. ಬೇರು ಹೊಕ್ಕ ಜಾಗಕ್ಕಿಂತ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಮಾವನಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

‘ಟೂಲ್‌ಬಾರ್ ಎಲೆ ಮಾವ, ಬೇರು ಬೇರೆ ಕಡೆ ಇದೆ’ ಅಂದೆ.

‘ಹಂಗಾದ್ರೆ ಬೇರು ತೋರ್ಸು’ ಅಂದರು.

ತೋರಿಸಿದೆ. ಮೊದಲನೆಯ ಬೇರು ರಿಜಿಸ್ಟ್ರಿಯಲ್ಲಿತ್ತು, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ಜಾಗದಲ್ಲಿ. ವಿಂಡೋಸ್ ಎದ್ದ ಕೂಡಲೇ ಯಾರ್‍ಯಾರನ್ನು ಎಬ್ಬಿಸಬೇಕು ಎಂಬ ಪಟ್ಟಿ ಅಲ್ಲಿದೆ, ಹೆಸರು ‘ರನ್’. ಅದರಲ್ಲಿ ಟೂಲ್‌ಬಾರಿನವರ ಒಂದು ಸಾಲು. ಎರಡನೆಯದು ಟಾಸ್ಕ್ ಶೆಡ್ಯೂಲರಿನಲ್ಲಿ. ಇಷ್ಟು ಹೊತ್ತಿಗೆ ಇದನ್ನು ಮಾಡು ಎಂದು ವಿಂಡೋಸಿಗೆ ಹೇಳಿಡುವ ಜಾಗ ಅದು, ಬೆಳಿಗ್ಗೆ ಹಾಲಿನವರಿಗೆ ವರ್ತನೆ ಹೇಳಿಟ್ಟ ಹಾಗೆ. ‘ಅಪ್‌ಡೇಟ್’ ಎಂಬ ಸಭ್ಯ ಹೆಸರಿನ ಒಂದು ಟಾಸ್ಕ್ ಗಂಟೆಗೊಮ್ಮೆ ಎದ್ದು, ಟೂಲ್‌ಬಾರ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಮತ್ತೆ ಇಳಿಸಿಕೊಳ್ಳುತ್ತಿತ್ತು. ಮಾವ ಎಷ್ಟು ಸಲ ತೆಗೆದರೂ ಸಂಜೆಗೆ ಮತ್ತೆ ಬರುತ್ತಿದ್ದುದು ಇದರಿಂದ. ಅದನ್ನೇ ಅವರು ದೃಷ್ಟಿ ಅಂದುಕೊಂಡಿದ್ದರು! ಮೂರನೆಯದು ಬ್ರೌಸರಿನ ಪಾಲಿಸಿ. ಆಫೀಸುಗಳು ತಮ್ಮ ಎಲ್ಲ ಕಂಪ್ಯೂಟರುಗಳಿಗೆ ಒಂದೇ ನಿಯಮ ಹಾಕಲು ಇರುವ ಸೌಲಭ್ಯ ಅದು. ಅಲ್ಲಿ ಬರೆದ ಎಕ್ಸ್‌ಟೆನ್ಷನ್ನನ್ನು, ಅಂದರೆ ಬ್ರೌಸರಿಗೆ ಅಂಟಿಕೊಳ್ಳುವ ಟೂಲ್‌ಬಾರಿನಂಥ ಸೇರ್ಪಡೆಯನ್ನು, ಬ್ರೌಸರಿನಿಂದ ತೆಗೆಯಲು ಆಗುವುದಿಲ್ಲ, ಆ ಬಟನ್ನೇ ಕೆಲಸ ಮಾಡುವುದಿಲ್ಲ. ಮನೆಯ ಕಂಪ್ಯೂಟರಿನ ಕ್ರೋಮ್ ‘ನಿಮ್ಮ ಸಂಸ್ಥೆ ಇದನ್ನು ನಿರ್ವಹಿಸುತ್ತಿದೆ’ ಎಂದು ಹೇಳುತ್ತಿದ್ದರೆ ಒಮ್ಮೆ ಕೇಳಿಕೊಳ್ಳಿ, ಯಾವ ಸಂಸ್ಥೆ?

ತೆಗೆಯುವ ಸರದಿ ಮುಖ್ಯ. ಎಲೆಯಿಂದ ಶುರು ಮಾಡಿದರೆ ಬೇರು ಮತ್ತೆ ಚಿಗುರಿಸುತ್ತದೆ. ಅದಕ್ಕೇ ಇಂಟರ್‌ನೆಟ್ ತಪ್ಪಿಸಿ, ಮೊದಲು ಟಾಸ್ಕ್ ಅಳಿಸಿದೆ. ಆಮೇಲೆ ಓಡುತ್ತಿದ್ದ ಪ್ರೋಗ್ರಾಂ ನಿಲ್ಲಿಸಿ, ರನ್ ಪಟ್ಟಿಯ ಸಾಲು ತೆಗೆದೆ. ನಂತರ ಪಾಲಿಸಿ. ಕಂಟ್ರೋಲ್ ಪ್ಯಾನೆಲ್ಲಿನ ಅನ್‌ಇನ್‌ಸ್ಟಾಲ್ ಕೊನೆಗೆ ಬಂತು. ಎಕ್ಸ್‌ಟೆನ್ಷನ್ ಆಗ ಮರು ಮಾತಿಲ್ಲದೆ ಹೋಯಿತು. ವಿಂಡೋಸ್ ಸೆಕ್ಯುರಿಟಿಯ ‘ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್’ ಒಳಗೆ ಇಂಥ ತಂತ್ರಾಂಶವನ್ನು ತಡೆಯುವ ಸ್ವಿಚ್ ಇದೆ, ಅದು ಆಫ್ ಆಗಿತ್ತು, ಆನ್ ಮಾಡಿದೆ. ಪ್ಲೇಯರನ್ನು ಅದನ್ನು ತಯಾರಿಸಿದವರ ಪುಟದಿಂದಲೇ ಇಳಿಸಿದೆವು. ಈ ಸಲ ನೆಕ್ಸ್ಟ್ ಒತ್ತಿದ್ದು ಮಾವ, ಒಂದೊಂದು ಪುಟವನ್ನೂ ಕನ್ನಡಕ ಹಾಕಿಕೊಂಡು ನೋಡಿ.

ಆದರೂ ಬ್ರೌಸರ್ ತೆರೆದರೆ ಅದೇ ಹುಡುಕು ಪುಟ. ಮಾವ ನನ್ನ ಮುಖ ನೋಡಿದರು. ನಾನು ಡೆಸ್ಕ್‌ಟಾಪಿನ ಕ್ರೋಮ್ ಐಕಾನಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದೆ. ‘ಟಾರ್ಗೆಟ್’ ಎಂಬ ಸಾಲಿನಲ್ಲಿ ಕ್ರೋಮಿನ ಹೆಸರು ಮುಗಿದ ಮೇಲೆ ಒಂದು ಜಾಗ ಬಿಟ್ಟು ಆ ಪುಟದ ವಿಳಾಸ ಅಂಟಿಕೊಂಡಿತ್ತು. ಐಕಾನ್ ಒತ್ತಿದಾಗಲೆಲ್ಲ ಕ್ರೋಮಿಗೆ ‘ಮೊದಲು ಅಲ್ಲಿಗೆ ಹೋಗು’ ಎಂದು ಹೇಳುತ್ತಿದ್ದುದು ಅದೇ. ಅಷ್ಟು ಅಳಿಸಿ ಓಕೆ ಒತ್ತಿದೆ.

‘ಈಗ ನೀವೇ ತೆಗೀರಿ ಮಾವ’ ಅಂದೆ. ಖಾಲಿ ಪುಟ ಬಂತು.