ಬಿಚ್ಚಿಕೊಳ್ಳುವ ಅವಸರಕ್ಕೊಂದು ಲಗಾಮು

ವಿಮಾನದಿಂದ ಜಿಗಿಯುವ ಹವ್ಯಾಸ ಇರುವವರನ್ನು ಉಳಿದವರು ತಪ್ಪದೆ ಕೇಳುವ ಪ್ರಶ್ನೆ ಒಂದೇ: ‘ಪ್ಯಾರಾಚೂಟ್ ಬಿಚ್ಚಿಕೊಳ್ಳದೇ ಹೋದರೆ?’ ಅದನ್ನು ಮಡಚಲು ಕಲಿಯುವವರಿಗೆ ಮೊದಲ ಪಾಠದಲ್ಲೇ ಇದರ ತದ್ವಿರುದ್ಧದ ಚಿಂತೆ ಎದುರಾಗುತ್ತದೆ: ಒಮ್ಮೆಲೇ ಬಿಚ್ಚಿಕೊಂಡರೆ? ರಭಸದ ಗಾಳಿಗೆ ಸಿಕ್ಕ ಬಟ್ಟೆ ಹರಡಿಕೊಳ್ಳಲು ಯಾರ ಅಪ್ಪಣೆಗೂ ಕಾಯುವುದಿಲ್ಲ. ಅದನ್ನು ತಡೆತಡೆದು, ಒಂದರ ನಂತರ ಒಂದರಂತೆ ಬಿಚ್ಚಿಸುವುದೇ ಪ್ಯಾಕಿಂಗ್ ಎಂಬ ಕೆಲಸ.

ಲೆಕ್ಕ ಸರಳವಾಗಿದೆ. ಹೊಟ್ಟೆ ಕೆಳಗಾಗಿ ಬೀಳುವ ಮನುಷ್ಯನ ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್ ಮುಟ್ಟಿ ಅಲ್ಲಿಗೆ ನಿಲ್ಲುತ್ತದೆ. ಕಲಿಯುವವರ ದೊಡ್ಡ ಚೂಟ್ ಪೂರ್ತಿ ಅರಳಿದ ಮೇಲೆ ಗಾಳಿಯಲ್ಲಿ ಸಾಗುವುದು 40ರ ಆಸುಪಾಸಿನಲ್ಲಿ. ವೇಗದಲ್ಲಿ ಐದು ಪಟ್ಟು ವ್ಯತ್ಯಾಸ. ಗಾಳಿಯ ಬಲವೋ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ 25 ಪಟ್ಟು. ಆ ವೇಗದಲ್ಲಿ ಚೂಟ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಪೂರ್ತಿ ಅರಳಿಬಿಟ್ಟರೆ 80 ಕಿಲೋ ತೂಕದವರ ಮೇಲೆ ಬೀಳುವ ಎಳೆತ ಎರಡು ಟನ್! ಅಷ್ಟು ಕ್ಷಿಪ್ರವಾಗಿ ಯಾವ ಬಟ್ಟೆಯೂ ಅರಳದು, ನಿಜ. ಆದರೂ ಅರ್ಧ ಸೆಕೆಂಡಿನಲ್ಲಿ ಕೆಲಸ ಮುಗಿದರೆ ಮೈ ಮೇಲೆ ಸರಾಸರಿ ಹತ್ತು ಪಟ್ಟು ತೂಕ ಬಿದ್ದಂತಾಗುತ್ತದೆ. ಕುತ್ತಿಗೆ ಉಳುಕುವುದಷ್ಟೇ ಅಲ್ಲ, ಬೆನ್ನುಮೂಳೆಯೂ ಮುರಿಯಬಹುದು. ಅದೇ ಕೆಲಸ ಮೂರು-ನಾಲ್ಕು ಸೆಕೆಂಡಿಗೆ ಹಿಗ್ಗಿದರೆ ಎರಡೂವರೆ ಪಟ್ಟಿನೊಳಗೆ ಮುಗಿಯುತ್ತದೆ. ಪ್ಯಾಕ್ ಮಾಡುವವರ ಬೆವರೆಲ್ಲ ಈ ಮೂರು ಸೆಕೆಂಡುಗಳಿಗಾಗಿ.

ಹಳೆಯ ದುಂಡು ಪ್ಯಾರಾಚೂಟಿನ ಜಾಗಕ್ಕೆ ಇಂದಿನ ಚೌಕಾಕಾರದ ರೆಕ್ಕೆ ಬರಲು ಕಾರಣನಾದವನು ಡೊಮಿನಾ ಜಾಲ್ಬರ್ಟ್ ಎಂಬ ಗಾಳಿಪಟ ತಯಾರಕ. 1960ರ ದಶಕದಲ್ಲಿ ಅಮೆರಿಕದಲ್ಲಿ ಆತ ರೂಪಿಸಿದ ಈ ರೆಕ್ಕೆಯಲ್ಲಿ ಎರಡು ಪದರ ಬಟ್ಟೆಯ ನಡುವೆ ಸಾಲು ಕೋಣೆಗಳು. ಮುಂದಿನ ಬಾಯಿಂದ ಗಾಳಿ ನುಗ್ಗಿ ತುಂಬಿಕೊಂಡರೆ ಅದೇ ವಿಮಾನದ ರೆಕ್ಕೆಯ ಆಕಾರ. ಹಾರಾಟವೇನೋ ಸೊಗಸು, ಆದರೆ ಆರಂಭದ ಚೂಟ್‌ಗಳು ಬಿಚ್ಚಿಕೊಳ್ಳುವಾಗ ಜಿಗಿದವರ ಎಲುಬು ಅಲುಗಿಸುತ್ತಿದ್ದವು. ಅದಕ್ಕೆ ನಾನಾ ಕಸರತ್ತು ನಡೆದು ಕೊನೆಗೆ ಗೆದ್ದದ್ದು ಸ್ಲೈಡರ್. ಒಂದು ಮೀಟರಿಗೂ ಕಡಿಮೆ ಅಗಲದ ಬಟ್ಟೆಯ ತುಂಡು, ನಾಲ್ಕು ಮೂಲೆಗೂ ಒಂದೊಂದು ಲೋಹದ ಉಂಗುರ, ಆ ಉಂಗುರಗಳ ಮೂಲಕ ಹಾದುಹೋಗುವ ಹಗ್ಗಗಳು. ಇಷ್ಟೇ.

ನನ್ನ ಮಟ್ಟಿಗೆ ಇಡೀ ಸಲಕರಣೆಯಲ್ಲಿ ಅತ್ಯಂತ ಜಾಣತನದ ಭಾಗ ಇದೇ. ಮೋಟಾರಿಲ್ಲ, ಸ್ಪ್ರಿಂಗ್ ಇಲ್ಲ. ಬಿಚ್ಚಿಕೊಳ್ಳುವ ಮೊದಲ ಗಳಿಗೆಯಲ್ಲಿ ಸ್ಲೈಡರ್ ಹಗ್ಗಗಳ ತುದಿಯಲ್ಲಿ, ಚೂಟಿಗೆ ಒತ್ತಿಕೊಂಡಂತೆ ಇರುತ್ತದೆ. ಕೆಳಗಿನಿಂದ ಬಡಿಯುವ ಗಾಳಿ ಅದನ್ನು ಅಲ್ಲೇ ತಡೆದು ಹಿಡಿಯುತ್ತದೆ. ಹಗ್ಗಗಳು ಒಟ್ಟಾಗಿಯೇ ಉಳಿಯುತ್ತವೆ, ಚೂಟ್ ಅಗಲವಾಗಲಾರದು. ಇತ್ತ ಕೋಣೆಗಳು ಒಂದೊಂದಾಗಿ ತುಂಬುತ್ತ ಹಗ್ಗಗಳನ್ನು ಹೊರಕ್ಕೆ ಜಗ್ಗತೊಡಗುತ್ತವೆ. ಜಗ್ಗಾಟದಲ್ಲಿ ಕೋಣೆಗಳ ಕೈ ಮೇಲಾದಾಗ ಸ್ಲೈಡರ್ ಮೆಲ್ಲಗೆ ಜಾರಿ ಜಿಗಿದವರ ತಲೆಯ ಮೇಲಕ್ಕೆ ಬಂದು ನಿಲ್ಲುತ್ತದೆ. ಆದರೆ ಮಡಚುವಾಗಲೇ ಅದು ಒಂದು ಗೇಣು ಕೆಳಗೆ ಜಾರಿದ್ದರೆ ಈ ಜಗ್ಗಾಟ ನಡೆಯುವುದೇ ಇಲ್ಲ. ಚೂಟ್ ಧಡಾರನೆ ತೆರೆದುಕೊಳ್ಳುತ್ತದೆ.

ಕಲಿಯುವವರಿಗೆ ಈ ಲೆಕ್ಕಾಚಾರ ಅರ್ಥವಾಗುವ ಮೊದಲೇ ಮೊಣಕಾಲು ನೋಯುತ್ತದೆ. ಫ್ಲೋರಿಡಾದ ಡಿಲ್ಯಾಂಡ್, ಕ್ಯಾಲಿಫೋರ್ನಿಯಾದ ಪೆರಿಸ್‌ನಂಥ ಜಿಗಿತದ ಮೈದಾನಗಳಲ್ಲಿ ಚಾವಣಿಯ ಕೆಳಗೆ ಉದ್ದಕ್ಕೆ ನೆಲಹಾಸು ಹಾಸಿರುತ್ತಾರೆ. ಕೈ ಪಳಗಿದವರು ಹತ್ತು ನಿಮಿಷದಲ್ಲಿ ಮಡಚಿ ಎದ್ದರೆ, ಹೊಸಬರು ಒಂದು ಗಂಟೆ ಒದ್ದಾಡುತ್ತಾರೆ. ಮೊದಲು ಬ್ರೇಕ್ ಹಗ್ಗಗಳನ್ನು ಅರ್ಧ ಎಳೆದು ಸಿಕ್ಕಿಸಬೇಕು, ಇಲ್ಲವಾದರೆ ಅರಳಿದ ಚೂಟ್ ಮುಂದಕ್ಕೆ ಮುನ್ನುಗ್ಗುತ್ತದೆ. ಆಮೇಲೆ ಹಗ್ಗಗಳನ್ನು ಬೆನ್ನಚೀಲದ ಕಡೆಯಿಂದ ಬೆರಳಲ್ಲಿ ಬಿಡಿಸುತ್ತ ಚೂಟಿನವರೆಗೆ ನಡೆದು, ಎಲ್ಲೂ ತೊಡಕಿಲ್ಲವೆಂದು ನೋಡಿ ಹೆಗಲ ಮೇಲೆ ಹಾಕಿಕೊಳ್ಳಬೇಕು. ಇಳಿಬಿದ್ದ 200 ಚದರ ಅಡಿಗೂ ಮಿಕ್ಕ ಬಟ್ಟೆಯನ್ನು ಹಗ್ಗದ ಸಾಲುಗಳ ನಡುವಿನಿಂದ ಹೊರಗೆಳೆದು, ಸೀರೆಯ ನೆರಿಗೆ ಹಿಡಿದಂತೆ ಒಂದರ ಮೇಲೊಂದು ಪದರ ಕೂರಿಸಬೇಕು. ಹಗ್ಗಗಳೆಲ್ಲ ನಡುವೆ, ಬಟ್ಟೆಯೆಲ್ಲ ಹೊರಗೆ. ಒಂದೇ ಒಂದು ಹಗ್ಗ ಬಟ್ಟೆಯ ಆಚೆ ಬದಿಗೆ ದಾಟಿಕೊಂಡರೆ ಅರಳಿದ ರೆಕ್ಕೆಯನ್ನು ಅದು ನಡುವೆ ಬಿಗಿದು ಎರಡು ಹೋಳಿನಂತೆ ಮಾಡಬಹುದು. ಆಗ ಚೂಟ್ ಗಿರಗಿರನೆ ಸುತ್ತತೊಡಗುತ್ತದೆ.

ಹೊಸಬರು ಅನವಶ್ಯಕವಾಗಿ ತಲೆಕೆಡಿಸಿಕೊಳ್ಳುವುದು ಬಟ್ಟೆಯ ಅಂದಚಂದದ ಬಗ್ಗೆ. ಹೊರಗಿನ ಸುಕ್ಕನ್ನು ಎಷ್ಟು ತೀಡಿದರೂ ಬರುವ ಲಾಭ ಅಷ್ಟಕ್ಕಷ್ಟೇ. ಹಗ್ಗ ನೇರವಾಗಿದ್ದು, ಸ್ಲೈಡರ್ ಮೇಲಿದ್ದು, ಬ್ರೇಕ್ ಸಿಕ್ಕಿಸಿದ್ದರೆ ಮುದ್ದೆಯಂತೆ ಕಾಣುವ ಗಂಟೂ ಸಾಮಾನ್ಯವಾಗಿ ಚೆನ್ನಾಗಿಯೇ ಅರಳುತ್ತದೆ. ಗಾಳಿ ಒಂದಿಷ್ಟೂ ಸೋರದ ಹೊಸ ನೈಲಾನ್ ಮಾತ್ರ ನಿಜಕ್ಕೂ ಜಿಗುಟು ಶತ್ರು. ಒಳಗೆ ಸಿಕ್ಕಿದ ಗಾಳಿ ನೇಯ್ಗೆಯ ಮೂಲಕ ಹೊರಬೀಳಲು ದಾರಿಯಿಲ್ಲ, ಹಾಗಾಗಿ ಅದರ ಮೇಲೆ ಬೋರಲು ಮಲಗಿ ಎದೆಯ ಭಾರದಿಂದ ಹಿಂಡಬೇಕು. ಒಂದು ಬದಿಯನ್ನು ಬೆನ್ನಚೀಲದೊಳಗೆ ಕೂರುವ ಚಿಕ್ಕ ಚೀಲಕ್ಕೆ ತುರುಕುವಷ್ಟರಲ್ಲಿ ಇನ್ನೊಂದು ಬದಿ ಜಾರಿ ಹೊರಗೆ ಬಂದಿರುತ್ತದೆ.

ಚೀಲ ತುಂಬಿದ ಮೇಲೆ ರಬ್ಬರ್ ಬ್ಯಾಂಡ್‌ಗಳ ಸರದಿ. ಹಗ್ಗವನ್ನು ಹಿಂದೆ ಮುಂದೆ ಮಡಿಸುತ್ತ ಒಂದೊಂದು ಮಡಿಕೆಯನ್ನು ಒಂದೊಂದು ಬ್ಯಾಂಡ್‌ಗೆ ಸಿಕ್ಕಿಸುತ್ತಾರೆ. ಮೊದಲ ಮಡಿಕೆಗಳೇ ಚೀಲದ ಬಾಯಿಗೆ ಬೀಗ. ಆಕಾಶದಲ್ಲಿ ಕಥೆ ಹಿಂದಿನಿಂದ ಮುಂದಕ್ಕೆ ನಡೆಯುತ್ತದೆ. ಕೈಯಿಂದ ಎಸೆದ ಪುಟ್ಟ ಪೈಲಟ್ ಚೂಟ್ ಗಾಳಿ ಹಿಡಿದು, ತನ್ನ ಪಟ್ಟಿಯಿಂದ ಬೆನ್ನಚೀಲ ಮುಚ್ಚಿ ಹಿಡಿದ ಪಿನ್ ಕಿತ್ತು, ಒಳಗಿನ ಚೀಲವನ್ನು ಬೆನ್ನಿನಿಂದ ಎತ್ತುತ್ತದೆ. ಹಗ್ಗ ಮಡಿಕೆ ಮಡಿಕೆಯಾಗಿ ಬಿಚ್ಚಿ ಪೂರ್ತಿ ಬಿಗಿಯಾದ ಮೇಲಷ್ಟೇ ಕೊನೆಯ ಬೀಗ ಬಿಡುತ್ತದೆ, ಬಟ್ಟೆ ಹೊರಬೀಳುತ್ತದೆ. ಬ್ಯಾಂಡ್ ಸಡಿಲವಾಗಿದ್ದರೆ ಹಗ್ಗವೆಲ್ಲ ಒಮ್ಮೆಗೇ ಸುರಿದು, ಬಟ್ಟೆ ಹಗ್ಗಕ್ಕಿಂತ ಮೊದಲೇ ಗಾಳಿ ಕಂಡು, ಬಡಿತ ಜೋರಾಗುತ್ತದೆ. ಹೀಗಾಗಿ ಹಳತಾದ ಒಂದು ರಬ್ಬರ್ ಬ್ಯಾಂಡ್‌ಗೂ ಇಲ್ಲಿ ಮರ್ಯಾದೆ ಇದೆ, ಬದಲಿಸುತ್ತಲೇ ಇರುತ್ತಾರೆ.

ಪೈಲಟ್ ಚೂಟಿನ ಪಟ್ಟಿಯಲ್ಲಿ ಪುಟ್ಟ ಕಿಟಕಿಯೊಂದಿರುತ್ತದೆ. ಒಳಗಿನ ಬಣ್ಣದ ದಾರ ಅಲ್ಲಿ ಕಂಡರೆ ಪೈಲಟ್ ಚೂಟ್ ಸಿದ್ಧ. ಬಣ್ಣ ಕಾಣದಿದ್ದರೆ ಅದು ಮುದುಡಿಯೇ ಉಳಿದು, ಪಿನ್ ಕೀಳುವ ಶಕ್ತಿಯಿಲ್ಲದೆ ಗಾಳಿಯಲ್ಲಿ ತೇಲಾಡಬಹುದು. ಬೆನ್ನಚೀಲ ಮುಚ್ಚುವಾಗ ಕುಣಿಕೆಯನ್ನು ಮೇಲೆಳೆಯಲು ಬಳಸಿದ ಪುಲ್-ಅಪ್ ಕಾರ್ಡ್ ಎಂಬ ಲಾಡಿಯನ್ನು ಅಲ್ಲೇ ಮರೆತು ಬಿಡುವ ಹಾಗೂ ಇಲ್ಲ, ಅದು ಪಿನ್ ಕಳಚದಂತೆ ತಡೆದುಬಿಡಬಹುದು. ಅದಕ್ಕೇ ಎಷ್ಟೇ ಆತುರವಿದ್ದರೂ ಆ ಲಾಡಿ ಕೈಗೆ ಬಂತೇ ಎಂದು ನೋಡಿಕೊಳ್ಳುವುದು ರೂಢಿ.

ಅಮೆರಿಕದ ನಿಯಮದಲ್ಲಿ ಮುಖ್ಯ ಚೂಟನ್ನು ಮುಂದೆ ಅದರಲ್ಲಿ ಜಿಗಿಯುವವರೇ ಮಡಚಬಹುದು. 25 ಜಿಗಿತ ಮುಗಿಸಿ ‘ಎ’ ಲೈಸೆನ್ಸ್ ಪಡೆಯಬೇಕಾದರೆ ಮಡಚಲು ಬರಲೇಬೇಕು. ಅದೇ ಬೆನ್ನಚೀಲದ ಮೇಲರ್ಧದಲ್ಲಿರುವ ರಿಸರ್ವ್ ಚೂಟನ್ನು ಮುಟ್ಟುವ ಅಧಿಕಾರ ಪರವಾನಗಿ ಪಡೆದ ರಿಗ್ಗರ್‌ಗೆ, ಅಂದರೆ ಪ್ಯಾರಾಚೂಟ್ ತಂತ್ರಜ್ಞರಿಗೆ, ಮಾತ್ರ. ಬಳಸಲಿ ಬಿಡಲಿ, 180 ದಿನಕ್ಕೊಮ್ಮೆ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚಿ ಮೊಹರು ಹಾಕುತ್ತಾರೆ. ಮುಖ್ಯ ಚೂಟ್ ಕೈಕೊಟ್ಟ ಹೊತ್ತಿಗೆ ನೆಲ ಹತ್ತಿರ ಬಂದಿರುತ್ತದಾದ್ದರಿಂದ ರಿಸರ್ವ್‌ಗೆ ನಿಧಾನದ ಐಷಾರಾಮ ಇಲ್ಲ, ಬಡಿತ ಜಾಸ್ತಿಯಾದರೂ ಬೇಗ ಅರಳುವಂತೆ ಅದನ್ನು ರೂಪಿಸಿರುತ್ತಾರೆ.

ಇದೇ ಸಮಸ್ಯೆ ಟನ್‌ಗಳ ಲೆಕ್ಕಕ್ಕೆ ಏರಿದರೆ ಸ್ಲೈಡರ್ ಸಾಲದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋ ತನ್ನ ಗಗನಯಾನದ ಗಗನಯಾತ್ರಿಗಳನ್ನು ಸಮುದ್ರಕ್ಕೆ ಇಳಿಸಲು ಹತ್ತು ಪ್ಯಾರಾಚೂಟ್‌ಗಳ ಸರಣಿಯನ್ನು ನೆಚ್ಚಿಕೊಂಡಿದೆ. ಅದರ ಮುಖ್ಯ ಚೂಟ್‌ಗಳು ಮೊದಲು ಅರೆಬರೆ ಅರಳಿ ನಿಲ್ಲುತ್ತವೆ. ನಿಗದಿತ ಸಮಯ ಕಳೆದ ಮೇಲೆ ಸಣ್ಣ ಸ್ಫೋಟಕ ಸಾಧನವೊಂದು ತಡೆಯನ್ನು ತೆಗೆದು ಪೂರ್ತಿ ಅರಳಲು ಬಿಡುತ್ತದೆ. 2022ರ ನವೆಂಬರಿನಲ್ಲಿ ಝಾನ್ಸಿ ಬಳಿಯ ಬಬೀನಾದಲ್ಲಿ ನಡೆದ ಪರೀಕ್ಷೆಯಲ್ಲಿ ಐದು ಟನ್ನಿನ ಭಾರವನ್ನು ವಿಮಾನದಿಂದ ಬೀಳಿಸಿ ಇಸ್ರೋ ಪರೀಕ್ಷಿಸಿದ್ದು ಇಂಥ ಚೂಟ್‌ಗಳನ್ನೇ.