ಶಿಮ್ಲಾದಲ್ಲಿ ಮಳೆ ಸುರಿಯುತ್ತಿದ್ದರೂ ನಲ್ಲಿಗೆ ನೀರು ಯಾಕೆ ಬರಲ್ಲ?

ಪ್ರಶ್ನೆ: ಮಳೆಗಾಲದಲ್ಲಿ ಶಿಮ್ಲಾಕ್ಕೆ ಹೋಗಿದ್ದೆವು. ಹೊರಗೆ ಧೋ ಅಂತ ಮಳೆ. ಲಾಡ್ಜಿನವರು ಮಾತ್ರ ‘ಇವತ್ತು ನೀರು ಬಿಟ್ಟಿಲ್ಲ, ಒಂದು ಬಕೆಟ್‌ನಲ್ಲೇ ಸುಧಾರಿಸಿಕೊಳ್ಳಿ’ ಅಂದರು. ಅಷ್ಟು ಮಳೆ ಬೀಳುವ ಬೆಟ್ಟದ ಊರಲ್ಲಿ ನೀರಿಗೆ ಬರವೇ?

ಉತ್ತರ: ನೀರಿಗೆ ಬರ ಇಲ್ಲ. ನೀರು ಇರುವುದು ಕೆಳಗೆ, ಊರು ಇರುವುದು ಮೇಲೆ. ಶಿಮ್ಲಾ ಸುಮಾರು 2,200 ಮೀಟರ್ ಎತ್ತರದ ಬೆಟ್ಟದ ನೆತ್ತಿಯಲ್ಲಿದೆ. ನೆತ್ತಿಯ ಮೇಲೆ ಬಿದ್ದ ನೀರು ಅಲ್ಲೇ ನಿಲ್ಲಲ್ಲ, ಅಲ್ವಾ? ಇಳಿದು ಕಣಿವೆ ಸೇರುತ್ತದೆ. ಬ್ರಿಟಿಷರ ಕಾಲದಲ್ಲಿ ಸಿಯೋಗ್ ಕಾಡಿನ ನೀರು ತಾನಾಗಿಯೇ ಹರಿದು ಊರಿಗೆ ಬರುತ್ತಿತ್ತು. ಊರು ಬೆಳೆದ ಮೇಲೆ ಅದು ಸಾಲಲಿಲ್ಲ. ಈಗ ಹೆಚ್ಚಿನ ನೀರನ್ನು ಕೆಳಗಿನ ಗುಮ್ಮಾ ಅನ್ನುವ ಊರು ಮತ್ತು ಗಿರಿ ನದಿಯ ಕಡೆಯಿಂದ ಪಂಪ್ ಮಾಡಿ ಮೇಲಕ್ಕೆ ತರುತ್ತಾರೆ.

ಮಳೆ ಜೋರಾದಾಗ ಗುಡ್ಡದ ಮಣ್ಣು ಕೊಚ್ಚಿಕೊಂಡು ಬಂದು ಹೊಳೆ ರಾಡಿಯಾಗುತ್ತದೆ. ಆ ರಾಡಿ ಎಳೆದರೆ ಪಂಪು ಸವೆಯುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗ ಪಂಪ್ ಕಡಿಮೆ ಮಾಡಬೇಕು, ಇಲ್ಲಾ ನಿಲ್ಲಿಸಬೇಕು. ಮಳೆ ಬಂದ ದಿನವೇ ನಲ್ಲಿ ಒಣಗುವುದು ಹೀಗೆ.

ನೀರು ಎತ್ತುವ ಖರ್ಚಿನ ಲೆಕ್ಕವನ್ನೂ ನೋಡಿ. ಸಟ್ಲೆಜ್ ನದಿಯಿಂದ ಶಿಮ್ಲಾಕ್ಕೆ ನೀರು ತರುವ ಯೋಜನೆಯಲ್ಲಿ ನೀರು ಸುಮಾರು 1,600 ಮೀಟರ್ ಮೇಲೇರಬೇಕು. ಮನೆ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಇರುತ್ತದಲ್ಲ, ಅದು ತುಂಬುವಷ್ಟು ನೀರನ್ನು ಅಷ್ಟೆತ್ತರ ಏರಿಸಲು, ಪಂಪಿನಲ್ಲಿ ಚೂರೂ ನಷ್ಟವಾಗದಿದ್ದರೂ, ನಾಲ್ಕು ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಬೆಂಗಳೂರಿಗೆ ಕಾವೇರಿ ಏರುವುದು ಸುಮಾರು 500 ಮೀಟರ್. ಅದನ್ನೇ ನಾವು ದೊಡ್ಡ ಸಾಹಸ ಅನ್ನುತ್ತೇವೆ.

ಮೇಲೆ ಬಂದ ನೀರನ್ನು ಹಂಚುವುದೂ ಸುಲಭವಲ್ಲ. ರಿಡ್ಜ್ ಮೈದಾನದಲ್ಲಿ ನೀವು ಫೋಟೊ ತೆಗೆಸಿಕೊಂಡಿರುತ್ತೀರಿ. ಅದರ ಕೆಳಗೇ ಬ್ರಿಟಿಷರು ಕಟ್ಟಿಸಿದ ದೊಡ್ಡ ನೀರಿನ ತೊಟ್ಟಿಯಿದೆ. ಅಂಥ ಎತ್ತರದ ತೊಟ್ಟಿಯಿಂದ ಪೈಪು ಹತ್ತು ಮೀಟರ್ ಇಳಿದರೆ ಒತ್ತಡ ಸುಮಾರು ಒಂದು ಬಾರ್ (ಒತ್ತಡ ಅಳೆಯುವ ಮಾನ) ಏರುತ್ತದೆ. ನೂರು ಮೀಟರ್ ಕೆಳಗಿನ ಮನೆಯಲ್ಲಿ ಅದು ಸುಮಾರು ಹತ್ತು ಬಾರ್, ಅಂದರೆ ಕಾರಿನ ಟೈರಿನ ಗಾಳಿಗಿಂತ ನಾಲ್ಕು ಪಟ್ಟು! ಎಲ್ಲ ವಾಲ್ವ್ ಒಟ್ಟಿಗೆ ತೆರೆದರೆ ಕೆಳಗಿನವರ ಪೈಪು ಒಡೆಯುತ್ತದೆ, ಮೇಲಿನವರಿಗೆ ಹನಿಯೂ ಸಿಗಲ್ಲ. ಅದಕ್ಕೇ ಬಡಾವಣೆಗೊಂದು ಸರದಿ. ವಾಲ್ವ್ ತಿರುಗಿಸುವವರನ್ನು ಅಲ್ಲಿ ಕೀಮ್ಯಾನ್ ಅನ್ನುತ್ತಾರೆ, ನಮ್ಮ ನೀರುಗಂಟಿಯ ಹಾಗೆ. ಗ್ರಾಹಕರ ಪಾಲಿಗೆ ಜಲಮಂಡಳಿ ಅಂದರೆ ಅವರೇ.

2018ರ ಬೇಸಿಗೆಯಲ್ಲಿ ಈ ಸರದಿಯೇ ಕುಸಿಯಿತು. ಕೆಲವು ಕಡೆ ವಾರಗಟ್ಟಲೆ ನೀರಿಲ್ಲ. ಜನ ಬೀದಿಗಿಳಿದರು. ಗಣ್ಯರ ಮನೆಗಳಿಗೆ ಟ್ಯಾಂಕರ್ ಕಳಿಸಬೇಡಿ, ನ್ಯಾಯಾಧೀಶರಿಗೂ ಬೇಡ ಅಂತ ಹೈಕೋರ್ಟ್ ಹೇಳಬೇಕಾಯಿತು. ನನಗೆ ಇದು ತುಂಬ ದೊಡ್ಡ ಮಾತು. ಅದೇ ವರ್ಷ ನೀರು ಮತ್ತು ಒಳಚರಂಡಿಯ ಹೊಣೆಗೆ ಶಿಮ್ಲಾ ಜಲ ಪ್ರಬಂಧನ್ ನಿಗಮ ಅನ್ನುವ ಸರ್ಕಾರಿ ಕಂಪನಿ ಬಂತು. ಎರಡೂ ಒಂದೇ ಕೈಯಲ್ಲಿರುವುದು ಒಳ್ಳೆಯದೇ. ಯಾಕೆಂದರೆ 2015-16ರ ಚಳಿಗಾಲದಲ್ಲಿ ಚರಂಡಿ ನೀರು ಅಶ್ವನಿ ಖಡ್ ಅನ್ನುವ ಹೊಳೆಗೆ ಸೇರಿ, ಅದೇ ನೀರು ನಲ್ಲಿಗೆ ಬಂದು, ಊರಲ್ಲಿ ಕಾಮಾಲೆ ಹರಡಿತ್ತು. ಕೊನೆಗೆ ಆ ಮೂಲವನ್ನೇ ನಿಲ್ಲಿಸಿದರು.

ಹಾಗಾಗಿ ನೀವು ಹೋದ ದಿನ ರಾಡಿ ನೀರು ಬಿಡದೆ ಪಂಪ್ ನಿಲ್ಲಿಸಿದ್ದರೆ, ಅದು ಸರಿಯಾದ ಕೆಲಸವೇ. ಆದರೆ ನೀರು ಮತ್ತೆ ಯಾವಾಗ ಬರುತ್ತೆ ಅಂತ ಹಿಂದಿನ ದಿನವೇ ಮನೆಮನೆಗೆ ತಿಳಿಸಬೇಕು. ಸುಮ್ನೆ ನಲ್ಲಿ ತಿರುಗಿಸಿ ನೋಡುತ್ತಾ ಕೂರುವ ಹಾಗಾಗಬಾರದು.