ಸಭೆ ಕಾಲಕ್ಕೆ ತಕ್ಕಂತೆ ಬದಲಾದರೆ ನಂಬಿಕೆ ಕೆಡುತ್ತದೆಯೇ?

ಓದುಗರ ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯ ಹುಡುಗರು ಚರ್ಚಿನ ಆರಾಧನೆಗೆ ಗಿಟಾರ್, ಡ್ರಮ್ ತಂದಿದ್ದಾರೆ. ಹಾಡಿನ ಪುಸ್ತಕ ಯಾರ ಕೈಯಲ್ಲೂ ಇಲ್ಲ, ಎಲ್ಲಾ ಪರದೆ ಮೇಲೆ. ಮೇಣದಬತ್ತಿ ಬದಲು ದೀಪ ಹಚ್ಚೋಣ ಅಂತ ಬೇರೆ ಕೇಳುತ್ತಿದ್ದಾರೆ. ಹೊರಗೆ ಲೋಕ ಬದಲಾಗುತ್ತಿರುವ ವೇಗ ನೋಡಿದರೆ ಭಯವಾಗುತ್ತದೆ. ಸಭೆಯೂ ಅದರ ಹಿಂದೆ ಹೋಗಬೇಕಾ? ಹಿರಿಯರು ಕೊಟ್ಟಿದ್ದನ್ನು ಹಾಗೇ ಉಳಿಸಿಕೊಳ್ಳುವುದೇ ನಂಬಿಗಸ್ತಿಕೆ ಅಲ್ವಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಸಂಡೆ ಸ್ಕೂಲ್ ಮುಗಿಸಿ ಬಾಗಿಲು ಹಾಕುವಾಗ ಕೇಳುತ್ತಾರೆ. ಮದುವೆ ಊಟಕ್ಕೆ ಕೂತಾಗ ಕೇಳುತ್ತಾರೆ. ಸುಗ್ಗಿ ಹಬ್ಬದ ಏಲಂ ನಡೆಯುವಾಗ, ಪಕ್ಕದಲ್ಲಿ ಕುಂಬಳಕಾಯಿ ಬೆಲೆ ಏರುತ್ತಿರುವಾಗಲೂ ಕೇಳಿದ್ದಾರೆ. ಆದ್ದರಿಂದ ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ.

ಸಭೆ ಬದಲಾಗಬೇಕು. ಅದು ಹುಟ್ಟಿದ ದಿನದಿಂದ ಬದಲಾಗುತ್ತಲೇ ಬಂದಿದೆ. ಬದಲಾಗಬಾರದ್ದೂ ಇದೆ, ಖಂಡಿತ ಇದೆ. ಆದರೆ ಅದು ಗಿಟಾರ್ ಇಟ್ಟ ಮೂಲೆಯಲ್ಲಿಲ್ಲ.

ತೊಂದರೆ ಇರುವುದು ಪ್ರಶ್ನೆಯ ಕೊನೆಯ ಸಾಲಿನಲ್ಲಿ. "ಹಿರಿಯರ ಕಾಲದಿಂದ ಹೀಗೇ ಇದೆ" ಅನ್ನುವ ಮಾತಿದೆಯಲ್ಲ, ಅದು ಸುಳ್ಳು. ಹೇಳುವವರು ಸುಳ್ಳುಗಾರರಲ್ಲ. ತಾವು ಚಿಕ್ಕವರಿದ್ದಾಗ ಕಂಡಿದ್ದನ್ನೇ ಮೊದಲಿನಿಂದ ಇದ್ದದ್ದು ಅಂದುಕೊಂಡಿರುತ್ತಾರೆ. ಆದರೂ ಸುಳ್ಳು ಸುಳ್ಳೇ. ಇದನ್ನು ಒಂದೊಂದಾಗಿ ಬಿಚ್ಚಿ ತೋರಿಸದೆ ಮುಂದೆ ಹೋಗುವ ಹಾಗಿಲ್ಲ.

ಗಿಟಾರಿನಿಂದಲೇ ಶುರು ಮಾಡೋಣ. ನಮ್ಮ ಸಭೆಯ ಹಿರಿಯರೊಬ್ಬರು ಒಂದು ಭಾನುವಾರ ನನ್ನನ್ನು ತಡೆದು ನಿಲ್ಲಿಸಿದರು. "ಟೀಚರ್, ಇದು ದೇವರ ಮನೆ. ಗಿಟಾರ್ ಎಲ್ಲಾ ಕಾಲೇಜ್ ಡೇಗೆ ಇರಲಿ" ಅಂದರು. ನಾನು ಕೇಳಿದೆ: "ಅಂಕಲ್, ಕ್ರಿಸ್ಮಸ್ ರಾತ್ರಿ ಕಣ್ಣು ಮುಚ್ಚಿಕೊಂಡು ಸೈಲೆಂಟ್ ನೈಟ್ ಹಾಡ್ತೀರಲ್ಲ, ಅದನ್ನ ಮೊದಲು ಹಾಡಿದ್ದು ಯಾವ ವಾದ್ಯಕ್ಕೆ ಗೊತ್ತಾ?" 1818ರ ಡಿಸೆಂಬರ್ 24ರ ರಾತ್ರಿ, ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಸಣ್ಣ ಊರಿನ ಚರ್ಚು. ಪದ ಬರೆದ ಪಾದ್ರಿ ಜೋಸೆಫ್ ಮೋರ್. ರಾಗ ಹಾಕಿದ್ದು ಶಾಲಾ ಮಾಸ್ತರು ಫ್ರಾಂಝ್ ಗ್ರೂಬರ್. ವಾದ್ಯ ಗಿಟಾರ್. ಅಂಕಲ್ ಸುಮ್ಮನಾದರು. ಆಮೇಲೆ ನಿಧಾನಕ್ಕೆ "ಹೌದಾ?" ಅಂದರು. ಈಗಲೂ ಅವರಿಗೆ ಡ್ರಮ್ ಇಷ್ಟವಿಲ್ಲ. ಸದ್ದು ಜಾಸ್ತಿ ಅಂತಾರೆ. ಸದ್ದು ಜಾಸ್ತಿ ಅನ್ನುವುದು ನ್ಯಾಯವಾದ ದೂರು. ನಂಬಿಕೆ ಕೆಡುತ್ತದೆ ಅನ್ನುವುದು ಬೇರೆ ಮಾತು.

ಇನ್ನು ಹಾರ್ಮೋನಿಯಂ. ನಮ್ಮಲ್ಲಿ ಒಂದು ಹಳೆಯ ಪೆಟ್ಟಿಗೆ ಇದೆ. ಅದರ ಒಂದು ಮನೆ ಒತ್ತಿದರೆ ಮೇಲೆ ಬರುವುದಿಲ್ಲ, ಬೆರಳಲ್ಲಿ ಎಬ್ಬಿಸಬೇಕು. ಬಾರಿಸುವವರು ಹಾಡಿನ ಮಧ್ಯೆ ಎಡಗೈಯಲ್ಲಿ ಗಾಳಿ ಹಾಕುತ್ತಾ, ಬಲಗೈಯ ಒಂದು ಬೆರಳಲ್ಲಿ ಅದನ್ನು ಎಬ್ಬಿಸುತ್ತಾರೆ. ನನಗೆ ಆ ಪೆಟ್ಟಿಗೆ ಮೇಲೆ ತುಂಬಾ ಪ್ರೀತಿ. ಆದರೆ ಅದೂ ನಮ್ಮ ಮಣ್ಣಿನದಲ್ಲ. 1840ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಹುಟ್ಟಿದ ವಾದ್ಯ. ನೆಲದ ಮೇಲೆ ಕೂತು ಕೈಯಲ್ಲಿ ಗಾಳಿ ಹಾಕುವ ರೂಪ ಅದಕ್ಕೆ ಸಿಕ್ಕಿದ್ದು ಕಲ್ಕತ್ತದಲ್ಲಿ. ಪರದೇಶದ ಸ್ವರ, ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಅಂತ ಆಕಾಶವಾಣಿ ಅದನ್ನು 1940ರಿಂದ ಮೂವತ್ತು ವರ್ಷ ದೂರ ಇಟ್ಟಿತ್ತು. ಈಗ ಅದೇ ಪೆಟ್ಟಿಗೆಯನ್ನು "ನಮ್ಮ ಸಂಪ್ರದಾಯ" ಅಂತ ತೋರಿಸಿ ಗಿಟಾರನ್ನು ಹೊರಗೆ ಕಳಿಸುತ್ತಿದ್ದೇವೆ.

ಮದುಮಗಳ ಬಿಳಿ ಗೌನು? ಅದು ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಇಲ್ಲ. 1840ರಲ್ಲಿ ವಿಕ್ಟೋರಿಯಾ ರಾಣಿ ಮದುವೆಗೆ ಬಿಳಿ ತೊಟ್ಟ ಮೇಲೆ ಹಬ್ಬಿದ ರೂಢಿ. ಸಾಲು ಬೆಂಚು? ಯೂರೋಪಿನಲ್ಲೇ ಸಾವಿರಕ್ಕೂ ಹೆಚ್ಚು ವರ್ಷ ಜನ ನಿಂತೋ ಮೊಣಕಾಲೂರಿಯೋ ಆರಾಧನೆ ಮಾಡುತ್ತಿದ್ದರು. ಕ್ರಿಸ್ಮಸ್ ಮರ ಜರ್ಮನಿಯ ಮನೆಗಳಿಂದ ಬಂದದ್ದು. ಕಥೋಲಿಕರ ಬಲಿಪೂಜೆ 1960ರ ದಶಕದವರೆಗೆ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. ಜನರ ಮಾತಿನಲ್ಲಿ ಪೂಜೆ ಮಾಡಬಹುದು ಅಂತ ಎರಡನೇ ವ್ಯಾಟಿಕನ್ ಮಹಾಸಭೆ ದಾರಿ ತೆರೆದದ್ದು 1963ರಲ್ಲಿ. ಇವತ್ತು ಯಾವ ಕನ್ನಡ ಕಥೋಲಿಕರಿಗಾದರೂ ಕನ್ನಡದ ಪೂಜೆ ಹೊಸತು ಅನ್ನಿಸುತ್ತದಾ?

ದೀಪದ ವಿಷಯಕ್ಕೆ ಜನ ಜಾಸ್ತಿ ಗಲಾಟೆ ಮಾಡುತ್ತಾರೆ, ಅದಕ್ಕೇ ಹೇಳುತ್ತೇನೆ. 1969ರಲ್ಲಿ ಭಾರತದ ಬಿಷಪ್‌ಗಳು ಕೇಳಿಕೊಂಡ ಹನ್ನೆರಡು ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಚಪ್ಪಲಿ ಬಿಟ್ಟು ಒಳಗೆ ಬರುವುದು, ನೆಲದ ಮೇಲೆ ಕೂರುವುದು, ಮೊಣಕಾಲೂರುವ ಬದಲು ಕೈ ಮುಗಿಯುವುದು, ಮೇಣದಬತ್ತಿ ಬದಲು ಎಣ್ಣೆ ದೀಪ, ಆರತಿ, ಎಲ್ಲಾ ಅದರಲ್ಲಿತ್ತು. ಇದಕ್ಕಾಗಿ ದುಡಿದ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ಅದನ್ನು 1967ರಲ್ಲಿ ಕಟ್ಟಿ ನಡೆಸಿದವರು ಫಾದರ್ ಅಮಲೋರ್ಪವದಾಸ್. ಎಣ್ಣೆಗೆ ಧರ್ಮ ಇಲ್ಲ. ಯೇಸು ಹೇಳಿದ ಹತ್ತು ಕನ್ನಿಕೆಯರ ಸಾಮ್ಯದ ಕತೆಯಲ್ಲಿ ಅವರ ಕೈಯಲ್ಲಿದ್ದದ್ದೂ ಎಣ್ಣೆ ದೀಪವೇ, ಮೇಣದಬತ್ತಿ ಅಲ್ಲ.

"ಅದು ಕಥೋಲಿಕರ ಮಾತು, ನಾವು ಬಾಸೆಲ್ ಮಿಷನ್ ಸಭೆಯವರು" ಅನ್ನುವವರಿದ್ದಾರೆ. ಸರಿ, ಸ್ವಿಟ್ಜರ್ಲೆಂಡಿನಿಂದ ಬಂದ ಆ ಪ್ರೊಟೆಸ್ಟಂಟ್ ಮಿಷನ್‌ಗೇ ಬರೋಣ. 1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಅಂತ ಮೂವರು ಮಂಗಳೂರಿನಲ್ಲಿ ಇಳಿದರು. ಸುವಾರ್ತೆ ಸಾರುವುದಕ್ಕೆ ಬಂದವರು. ಹೆಂಚು ಮಾಡುವುದಕ್ಕಲ್ಲ. ಆದರೆ ದೀಕ್ಷಾಸ್ನಾನ ತೆಗೆದುಕೊಂಡವರನ್ನು ಮನೆಯವರು ಹೊರಗೆ ಹಾಕಿದರು. ಕಸುಬು ಹೋಯಿತು, ಗೇಣಿ ಭೂಮಿ ಹೋಯಿತು. ಕಳ್ಳು ಇಳಿಸುತ್ತಿದ್ದವರಿಗೆ ಆ ಕೆಲಸ ಬಿಡಿ ಅಂತ ಮಿಷನ್ನೇ ಹೇಳಿತ್ತು. ಮತ್ತೆ ಅವರು ತಿನ್ನುವುದು ಏನು? ಬರೀ ಪ್ರಸಂಗ ಮಾಡಿದರೆ ಹೊಟ್ಟೆ ತುಂಬುತ್ತದಾ? ಹಾಗಾಗಿ ಮುದ್ರಣಾಲಯ ಬಂತು, ನೇಯ್ಗೆ ಬಂತು. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿ ದಡದ ಜೇಡಿಮಣ್ಣು ನೋಡಿ, ಜಾರ್ಜ್ ಪ್ಲೆಬ್‌ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹೆಂಚು ಅಂತ ಊರೂರಿಗೆ ಹೋದದ್ದು ಹೀಗೆ. ಕಾರ್ಖಾನೆ ನಡೆಸುವುದು ಸಭೆಯ ಕೆಲಸವಾ ಅಂತ ಆಗಲೂ ಕೇಳಬಹುದಿತ್ತು. ಅವರ ಕಣ್ಣ ಮುಂದೆ ಇದ್ದದ್ದು ಹಸಿದ ಮನುಷ್ಯ.

ಅದೇ ಮಿಷನ್‌ನ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದರು. ಕಿಟ್ಟೆಲ್ 1862ರಲ್ಲಿ ಯೇಸುವಿನ ಕತೆಯನ್ನು 'ಕಥಾಮಾಲೆ' ಅಂತ ನಮ್ಮ ಛಂದಸ್ಸಿನಲ್ಲೇ ಬರೆದರು. ಜರ್ಮನ್ ಮನುಷ್ಯ ಕನ್ನಡದ ಛಂದಸ್ಸು ಕಲಿತು ಯೇಸುವಿನ ಕತೆ ಹೇಳಿದ! ಇದನ್ನು ಓದಿದಾಗೆಲ್ಲ ನನಗೆ ಎದೆ ತುಂಬುತ್ತದೆ. ನಮ್ಮ ಹಿರಿಯರು ಯಾರು ಅಂತ ಕೇಳಿದರೆ ಇವರು. ಹೊಸದಕ್ಕೆ ಹೆದರಿ ಬಾಗಿಲು ಹಾಕಿಕೊಂಡವರಲ್ಲ.

ಇನ್ನೂ ಹಿಂದಕ್ಕೆ ಹೋಗಬೇಕಾ? ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ತೆಗೆಯಿರಿ. ಅನ್ಯಜನರು ಯೇಸುವನ್ನು ನಂಬಿ ಬರುತ್ತಿದ್ದಾರೆ. ಅವರಿಗೂ ಸುನ್ನತಿ ಆಗಲೇಬೇಕು ಅಂತ ಕೆಲವರ ಹಠ. ಅದು ಅಬ್ರಹಾಮನ ಕಾಲದ ನಿಯಮ, ಸತ್ಯವೇದದಲ್ಲೇ ಬರೆದಿರುವ ನಿಯಮ. ನಮ್ಮ ಹಾರ್ಮೋನಿಯಂಗಿಂತ ಎಷ್ಟೋ ಗಟ್ಟಿಯಾದ ಆಧಾರ ಅದಕ್ಕಿತ್ತು. ಆದರೂ ಪೇತ್ರ, ಪೌಲ, ಬಾರ್ನಬ, ಯಾಕೋಬ ಕೂತು ಮಾತಾಡಿ, ಆ ಭಾರ ಅವರ ಮೇಲೆ ಹೊರಿಸುವುದು ಬೇಡ ಅಂತ ತೀರ್ಮಾನಿಸಿದರು. ಅವತ್ತು "ಹಿರಿಯರ ಕಾಲದಿಂದ ಹೀಗೇ ಇದೆ" ಅನ್ನುವ ಮಾತು ಗೆದ್ದಿದ್ದರೆ ನಾನೂ ನೀವೂ ಇವತ್ತು ಸಭೆಯಲ್ಲಿ ಇರುತ್ತಲೇ ಇರಲಿಲ್ಲ.

ಹಾಗಾದರೆ ಎಲ್ಲದಕ್ಕೂ ಸೈ ಅನ್ನಬೇಕಾ? ಇಲ್ಲ. ನನ್ನ ನಿಜವಾದ ಬೇಸರ ಇರುವುದೇ ಇಲ್ಲಿ. ಲೋಕದ ಹಿಂದೆ ಹೋಗಬಾರದು ಅಂತ ಗಿಟಾರಿನ ಹತ್ತಿರ ಕಾವಲು ನಿಲ್ಲುತ್ತೇವೆ. ಅಷ್ಟರಲ್ಲಿ ಹಿಂಬಾಗಿಲಿಂದ ಲೋಕ ಒಳಗೆ ಬಂದು ಕೂತಿರುತ್ತದೆ. ಜಾತಿ ಕೇಳುವ ಮದುವೆ ಜಾಹೀರಾತು ನೋಡಿ. ಹೆಣ್ಣಿನ ಮನೆಯವರು ಏನು ಕೊಡುತ್ತಾರೆ ಅಂತ ವಿಚಾರಿಸುವ ಮಾತು ಕೇಳಿ. ವರದಕ್ಷಿಣೆ ಕಾನೂನಿಗೆ ವಿರುದ್ಧ ಅಂತ ದೇಶ 1961ರಲ್ಲೇ ಹೇಳಿತು. ನಮಗೆ ಕಾನೂನು ಬೇಕಿತ್ತಾ? ಗಲಾತ್ಯದವರಿಗೆ ಬರೆದ ಪತ್ರದ ಮೂರನೇ ಅಧ್ಯಾಯ ಸಾಲದಿತ್ತಾ? ಯೆಹೂದ್ಯ, ಗ್ರೀಕ, ದಾಸ, ಒಡೆಯ, ಗಂಡು, ಹೆಣ್ಣು ಅನ್ನುವ ಭೇದ ಕ್ರಿಸ್ತನಲ್ಲಿ ಇಲ್ಲ ಅಂತ ಅಲ್ಲಿದೆಯಲ್ಲ.

ಇದೂ ಹೊಸ ಜಗಳವಲ್ಲ. 1606ರಲ್ಲಿ ಮಧುರೈಗೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ರೊಬೆರ್ತೊ ದೆ ನೊಬಿಲಿ ಕಾವಿ ಉಟ್ಟರು, ತಮಿಳು, ಸಂಸ್ಕೃತ ಕಲಿತರು, ಮಾಂಸ ಬಿಟ್ಟರು. ಎಷ್ಟು ದೊಡ್ಡ ಪ್ರಯತ್ನ! ಆದರೆ ಜೊತೆಗೆ ಜಾತಿಯ ಗೆರೆಯನ್ನೂ ಒಪ್ಪಿಕೊಂಡರು. ಮೇಲಿನವರಿಗೆ ಒಬ್ಬ ಗುರು, ಕೆಳಗಿನವರಿಗೆ ಇನ್ನೊಬ್ಬ ಅನ್ನುವ ಏರ್ಪಾಟು ಆ ಮಿಷನ್‌ನಲ್ಲಿ ಬೆಳೆಯಿತು. ಆಮೇಲೆ 1833ರಲ್ಲಿ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಿಗೆ ಪತ್ರ ಬರೆದು, ಜಾತಿ ಭೇದ ಈಗಲೇ ಬಿಡಬೇಕು ಅಂದರು. ಅನೇಕರು ಸಭೆಯನ್ನೇ ಬಿಟ್ಟು ಹೋದರು. ವಿಲ್ಸನ್ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ನನಗೆ ಕಾವಿಯ ವಿಷಯದಲ್ಲಿ ನೊಬಿಲಿ ಸರಿ, ಜಾತಿಯ ವಿಷಯದಲ್ಲಿ ವಿಲ್ಸನ್ ಸರಿ. ಬಟ್ಟೆ, ಭಾಷೆ, ರಾಗ, ದೀಪ ಎಲ್ಲವನ್ನೂ ಊರಿನಿಂದ ತೆಗೆದುಕೊಳ್ಳಬಹುದು. ಕರ್ತರ ಭೋಜನದ ಮೇಜಿನಿಂದ ಒಬ್ಬರನ್ನು ದೂರ ಇಡುವ ಪದ್ಧತಿಯನ್ನು ಮಾತ್ರ ತೆಗೆದುಕೊಳ್ಳುವ ಹಾಗಿಲ್ಲ, ಅದು ಎಷ್ಟು ಹಳೆಯದಾದರೂ ಸರಿ, ಎಷ್ಟು ಹೊಸದಾದರೂ ಸರಿ. ಹುಡುಗರು ಏನಾದರೂ ಹೊಸದು ಕೇಳಿದಾಗ ನಿಮ್ಮ ಸಮಿತಿಯವರು ಇದನ್ನೇ ಕೇಳಿಕೊಳ್ಳಲಿ: ಇದರಿಂದ ಯಾರು ಒಳಗೆ ಬರುತ್ತಾರೆ, ಯಾರು ಹೊರಗೆ ಉಳಿಯುತ್ತಾರೆ? ಪರದೆ ಮೇಲಿನ ಸಣ್ಣ ಅಕ್ಷರ ಅಜ್ಜಿಯಂದಿರಿಗೆ ಕಾಣದಿದ್ದರೆ ಅದೂ ಹೊರಗೆ ಉಳಿಸಿದ ಹಾಗೇ. ಅಕ್ಷರ ದೊಡ್ಡದು ಮಾಡಿಸಿ, ಹತ್ತು ಹಾಡಿನ ಪುಸ್ತಕವನ್ನೂ ಇಡಿ.

ಹೆಂಗಸರ ವಿಷಯವನ್ನೂ ಇದೇ ಕಣ್ಣಲ್ಲಿ ನೋಡಿ. ದಕ್ಷಿಣ ಭಾರತ ಸಭೆ, ಅಂದರೆ ನಮ್ಮ ಸಿಎಸ್‌ಐ, 1947ರಲ್ಲಿ ಆಯಿತು. ಮೊದಲ ಮಹಿಳಾ ಸಭಾಪಾಲಕಿಗೆ ಅಭಿಷೇಕವಾದದ್ದು 1976ರಲ್ಲಿ. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಬಿಷಪ್ ಆದರು. ಆಗ ಎದ್ದ ಗೊಣಗಾಟದಲ್ಲೂ ಅದೇ ಮಾತು ಕೇಳಿದೆ: ಹಿರಿಯರ ಕಾಲದಿಂದ ಹೀಗಿರಲಿಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ನನ್ನ ಮಟ್ಟಿಗೆ ಗಿಟಾರಿಗಿಂತ ಅದು ದೊಡ್ಡದು. ಪರದೆ ಮೇಲೆ ಬರುವ ಕನ್ನಡ ಹಾಡು ಎಷ್ಟೋ ಕಡೆ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ, ಗಮನಿಸಿದ್ದೀರಾ? ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. 1831ರ ಹೊತ್ತಿಗೇ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದಿದ್ದರು. 1894ರಲ್ಲಿ ಕಿಟ್ಟೆಲ್ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ಆ ಪರಂಪರೆಯ ಮಕ್ಕಳು ಯೋಹಾನ 3:16 ಕನ್ನಡದಲ್ಲಿ ಓದಲು ತಡವರಿಸುತ್ತಾರೆ. ಮಕ್ಕಳದ್ದು ತಪ್ಪಲ್ಲ, ಕಲಿಸದ ನಮ್ಮದು. ಇಂಗ್ಲಿಷ್ ಆರಾಧನೆ ಇರಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅಜ್ಜಿ ಒಂದು ಆರಾಧನೆಗೆ, ಮೊಮ್ಮಗ ಇನ್ನೊಂದಕ್ಕೆ ಹೋಗಿ ಬಂದರೆ ಅವರು ಒಟ್ಟಿಗೆ ಪ್ರಾರ್ಥನೆ ಮಾಡುವುದು ಯಾವ ಭಾಷೆಯಲ್ಲಿ?

ಅದಕ್ಕೇ ಈ ವರ್ಷದಿಂದ ಸಂಡೆ ಸ್ಕೂಲ್‌ನಲ್ಲಿ ಹದಿನೈದು ನಿಮಿಷ ಕನ್ನಡ ಓದು ಇಟ್ಟಿದ್ದೇನೆ. ಹೋದ ವಾರ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ಓದಿದೆವು. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿರಲಿಲ್ಲ. ಊರಿನ ಭಾಷೆಯವರು ಅವರನ್ನು ಮರೆತುಬಿಟ್ಟಿದ್ದರು. ಜಗಳ ಎದ್ದಾಗ ಅಪೊಸ್ತಲರು ಬಡಿಸುವ ಕೆಲಸಕ್ಕೆ ಏಳು ಮಂದಿಯನ್ನು ಆರಿಸಿರಿ ಅಂದರು. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಬೆರಳಿಟ್ಟುಕೊಂಡು, ಒತ್ತಕ್ಷರ ಬಂದಲ್ಲೆಲ್ಲ ನಿಂತು, ಏಳು ಹೆಸರು ಓದಿದಳು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಪ್ರೊಖೋರ ಅನ್ನುವುದಕ್ಕೆ ಮೂರು ಸಲ ಪ್ರಯತ್ನ ಮಾಡಿದಳು. ಆಮೇಲೆ ತಲೆ ಎತ್ತಿ ಕೇಳಿದಳು:

"ಟೀಚರ್, ಇವೆಲ್ಲಾ ಗ್ರೀಕ್ ಹೆಸರಲ್ವಾ? ಹಾಗಾದ್ರೆ ಊಟ ಸಿಗದೇ ಇದ್ದೋರ ಕಡೆಯವರ ಕೈಗೇ ಸೌಟು ಕೊಟ್ರಾ?"

"ಹೌದಮ್ಮ" ಅಂದೆ. "ಮುಂದಿನ ವಚನ ಓದು."